ಹಿಡಿಯಕ್ಕಿಯ ಚೀಲ

ಗಾಂಗ್‌ಗ್ಯಾಂಗ್,
೨೬ ನವೆಂಬರ್ ೧೯೭೫

ಪ್ರೀತಿಯ ಮಗಳು ಸುನ್-ಇಮ್‌ಗೆ,

ಬೂಸಾನಿನಲ್ಲಿ ಚಳಿ ಹೇಗಿದೆ? ಕಾರ್ಖಾನೆಯವರು ಮಲಗುವ ಕೋಣೆಗೆ ಇದ್ದಿಲು ಸರಿಯಾಗಿ ಕೊಡುತ್ತಾರೆಯೇ? ಸುಗ್ಗಿ ಹಬ್ಬಕ್ಕೆ ಮುಂಚೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಸೀಗಡಿಗೆ ಉಪ್ಪು ಹಾಕುವ ಕಾಲ, ಕೈ ಬಿರಿದು ಪೆನ್ಸಿಲು ಹಿಡಿಯಲಾಗಲಿಲ್ಲ ಎಂದು ನೆಪ ಹೇಳಬಹುದಿತ್ತು. ಅದು ಸುಳ್ಳು. ಎರಡು ಸಲ ಬರೆದೆ, ಎರಡು ಸಲವೂ ಹರಿದು ಒಲೆಗೆ ಹಾಕಿದೆ. ಎರಡರಲ್ಲೂ ನಿನ್ನ ಚಿಕ್ಕಮ್ಮನ ವಿಷಯ ಬಿಟ್ಟು ಬೇರೇನೂ ಇರಲಿಲ್ಲ. ಇದರಲ್ಲೂ ಅದೇ ಇರುತ್ತದೆ, ಸಹಿಸಿಕೊಂಡು ಓದು.

ನಿನ್ನ ಅಪ್ಪ ಆರೋಗ್ಯವಾಗಿದ್ದಾರೆ. ಮೊನ್ನೆ ಹೊಸ ಹಲ್ಲು ಕಟ್ಟಿಸಿಕೊಂಡು ಬಂದು ಊರಿಗೆಲ್ಲ ಬಾಯಿ ತೆರೆದು ತೋರಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಚರ್ಚಿನ ಸಭೆಯವರು ನಿನ್ನ ಚಿಕ್ಕಮ್ಮನನ್ನು ಹಿರಿಯಮ್ಮನಾಗಿ ಆರಿಸಿದ್ದಾರೆ. ಚೀಟಿ ಹಾಕಿ ಆರಿಸಿದರು. ನಿಂತವರು ನಾವಿಬ್ಬರೇ. ಹನ್ನೊಂದು ಮತಗಳ ಅಂತರದಲ್ಲಿ ನಾನು ಸೋತೆ. ಇನ್ನು ಮೇಲೆ ಕಾಯಿಲೆಯವರ ಮನೆಗೆ ಹೋಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವವಳು ಅವಳು. ಸಾಯುವ ತನಕ ಊರವರೆಲ್ಲ ಅವಳನ್ನು 'ಹಿರಿಯಮ್ಮ' ಎಂದೇ ಕರೆಯಬೇಕು, ಈ ಮನೆಯ ಹಿರಿಸೊಸೆಯಾದ ನಾನೂ! ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ನನ್ನ ಓರಗಿತ್ತಿಯಾಗಿ ಬಂದ ದಿನ ಅಕ್ಕಿಯಲ್ಲಿ ಕಲ್ಲು ಆರಿಸಲೂ ಬರುತ್ತಿರಲಿಲ್ಲ, ಕಲಿಸಿದವಳು ನಾನು. ಹತ್ತೊಂಬತ್ತು ವರ್ಷ ಚರ್ಚಿನ ನೆಲ ಒರೆಸಿದವಳೂ ನಾನು. ಹೊಟ್ಟೆ ಉರಿಯದೆ ಏನಾಗುತ್ತದೆ, ಹೇಳು. ಇದಕ್ಕೆ ಬೇರೆ ಚಂದದ ಹೆಸರಿಟ್ಟು ನಿನ್ನ ಮುಂದೆ ನಾಟಕವಾಡುವುದಿಲ್ಲ.

ಅಂದಿನಿಂದ ಪ್ರಭು ಕಲಿಸಿದ ಪ್ರಾರ್ಥನೆ ನನ್ನ ಬಾಯಲ್ಲಿ ಪೂರ್ತಿ ಬರುತ್ತಿಲ್ಲ. ಬೆಳಗಿನ ಜಾವ ಎಲ್ಲರ ಜೊತೆ ಕಣ್ಣು ಮುಚ್ಚಿ ಶುರುಮಾಡುತ್ತೇನೆ. 'ಅನುದಿನದ ಆಹಾರವನ್ನು ನಮಗೆ ಕೊಡು' ಎನ್ನುವ ತನಕ ಸರಾಗ. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂಬಲ್ಲಿಗೆ ಬಂದಾಗ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವಳು ಪಕ್ಕದಲ್ಲೇ ಕೂರುತ್ತಾಳೆ, ಅವಳ ಕಿವಿಯೋ ಬಲು ಚುರುಕು. ನಾನು ಆ ಸಾಲು ನುಂಗುವುದು ಅವಳಿಗೆ ಖಂಡಿತ ಗೊತ್ತು.

ಇದರ ಮೇಲೆ ಪಾಸ್ಟರ್ ಮನೆಗೆ ಬಂದರು. "ಕ್ರಿಸ್‌ಮಸ್‌ಗೆ ಹಿಂದಿನ ಭಾನುವಾರ ಪದವಿ ಕೊಡ್ತೀವಮ್ಮಾ. ಆ ಮನೆಯ ದೊಡ್ಡವರು ನೀವು. ನೀವೇ ಅವರ ಎದೆಗೆ ಹೂ ಸಿಕ್ಕಿಸಿ, ಮುಂದೆ ನಿಂತು ಪ್ರಭುವಿನ ಪ್ರಾರ್ಥನೆ ಹೇಳಿಸಬೇಕು" ಎಂದರು. ಅಪ್ಪ ಹೊಸ ಹಲ್ಲು ತೋರಿಸಿ, "ಹೇಳ್ತಾಳೆ, ಹೇಳ್ತಾಳೆ" ಎಂದುಬಿಟ್ಟರು. ಅವರಿಗೇನು! ಆ ಸಾಲಿನಲ್ಲಿ ನನ್ನ ದನಿ ನಿಂತರೆ ನೂರಾರು ಜನರ ಮುಂದೆ ನನ್ನ ಹೊಟ್ಟೆಕಿಚ್ಚು ಬೀದಿಗೆ ಬೀಳುತ್ತದೆ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ.

ಕಳೆದ ಗುರುವಾರ ಚರ್ಚಿನ ಅಂಗಳದಲ್ಲಿ ಚಳಿಗಾಲದ ಕಿಮ್ಚಿ ಹಾಕಿದೆವು. ಇನ್ನೂರು ಕೋಸು. ಹೆಂಗಸರೆಲ್ಲ ಸುತ್ತ ಕೂತು ಎಲೆಎಲೆಗೂ ಖಾರ ಹಚ್ಚುತ್ತಿದ್ದೆವು. ಒಳಗೆ ಗೋಡೆಗೆ ಸಾಲಾಗಿ ಹಿಡಿಯಕ್ಕಿಯ ಚೀಲಗಳು ತೂಗುತ್ತಿದ್ದವು. ನಿನಗೆ ನೆನಪಿರಬೇಕು, ಒಲೆಗೆ ಅಕ್ಕಿ ಇಡುವ ಮೊದಲು ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಚಮಚ ಅಕ್ಕಿ ತೆಗೆದು ಆ ಚೀಲಕ್ಕೆ ಹಾಕಿಟ್ಟು ಇಲ್ಲದವರಿಗೆಂದು ಚರ್ಚಿಗೆ ತರುತ್ತೇವಲ್ಲ, ಅದು. ಅವಳ ಚೀಲ ಎಲ್ಲರದಕ್ಕಿಂತ ದಪ್ಪ. ಎಷ್ಟೋ ತಿಂಗಳಿಂದ ಅದು ನನ್ನ ಕಣ್ಣು ಚುಚ್ಚುತ್ತಿತ್ತು. ಅವಳನ್ನು ಮೀರಿಸಬೇಕೆಂದು ನಾನೂ ಎರಡೆರಡು ಚಮಚ ತೆಗೆದೆ, ಅಪ್ಪನ ಬಟ್ಟಲಿಗೆ ಬಾರ್ಲಿ ಜಾಸ್ತಿ ಬೆರೆಸಿದೆ. ಆದರೂ ಅವಳದೇ ದಪ್ಪ.

ತಡೆಯಲಾಗಲಿಲ್ಲ. "ಏನಮ್ಮಾ ಹಿರಿಯಮ್ಮಾ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಮನೇಲಿ ಕುಡಿಯೋದು ಬಾರ್ಲಿ ಗಂಜಿ, ಚರ್ಚಿನ ಗೋಡೇಲಿ ಮಾತ್ರ ಬಿಳಿ ಅಕ್ಕಿ ತುಳುಕಾಡತ್ತೆ. ಚೀಟಿ ಹಾಕೋರ ಕಣ್ಣಿಗೆ ಬೀಳ್ಲಿ ಅಂತಾನಾ?"

ಅವಳು ಮುಂದಿನ ಎಲೆಗೆ ಖಾರ ಹಚ್ಚಿದಳು. ಆ ಚೀಲಗಳ ಅಕ್ಕಿ ಸುರಿದಿಡುವ ಚರ್ಚಿನ ಜಾಡಿ ನೋಡಿಕೊಳ್ಳುವ ಹ್ವಾಂಗ್ ಅಜ್ಜಿ ಮಾತ್ರ ಕೈಯಲ್ಲಿದ್ದ ಕೋಸನ್ನು ತಪ್ಪನೆ ಕುಕ್ಕಿದಳು. "ಬಾಯಿ ಮುಚ್ಚೇ! ಇವಳ ಗಂಡ ದೋಣಿಯಿಂದ ಬಿದ್ದು ಸೊಂಟ ಮುರ್ಕೊಂಡಾಗಿಂದ ಈ ಜಾಡಿಯಿಂದ ನಾನೇ ಅಳೆದು ಕೊಡ್ತಿದೀನಿ. ಅದ್ರಲ್ಲೇ ಚಮಚ ಚಮಚ ತೆಗೆದು ವಾಪಸ್ ತರ್ತಾಳೆ. ನೀನು ಉರ್ಕೊಂಡು ನೋಡ್ತಿರೋದು ನೀನೇ ಹಾಕಿದ ಅಕ್ಕೀನ ಕಣೆ!"

"ಹಾಗಾದ್ರೆ ಅಕ್ಕಿ ಸುಮ್ನೆ ಊರು ಸುತ್ತಿ ಬರತ್ತೆ ಅನ್ನಿ," ಎಂದು ಯಾರೋ ನಗಲು ನೋಡಿದರು. ಸ್ವಂತ ಮೈದುನನ ಮನೆಗೆ ಸಭೆಯ ಅಕ್ಕಿ ಹೋಗುತ್ತಿದೆ ಎಂದು ಮೂರು ಮನೆ ಆಚೆ ಇರುವ ನನಗೆ ಗೊತ್ತಿರಲಿಲ್ಲ. ದೊಡ್ಡ ಮನೆಯವರಾಗಿ ನಾವು ಕೊಡಬೇಕಿತ್ತು. ಮುಖ ಕೆಂಪಾದದ್ದು ಖಾರದಿಂದ ಎಂದು ಎಲ್ಲರೂ ತಿಳಿದಿದ್ದರೆ ಒಳ್ಳೆಯದು.

ಆದರೂ ಸೋಲಲು ಮನಸ್ಸಿಲ್ಲ. "ಇವರ ಮನೇಲಿರೋದು ಮೂರು ಜನ. ಇದು ಆರು ಜನರ ಚೀಲ" ಎಂದೆ.

ಆಗ ಅವಳು ಬಾಯಿಬಿಟ್ಟಳು. "ಆರೇ ಅಕ್ಕಾ. ನಾವು ಮೂರು ಜನ, ಆಮೇಲೆ ಭಾವ, ನೀವು, ಸುನ್-ಇಮ್. 'ನಮಗೆ ಕೊಡು' ಅಂತ ಬೇಡ್ಕೊಂಡು ಬರೀ ನಮ್ಮನೇದಷ್ಟೇ ಹಾಕಿದ್ರೆ ಹೇಗೆ?" ಹೀಗೆಂದು ಒಂದು ಎಲೆ ಸುರುಳಿ ಸುತ್ತಿ ನನ್ನ ಬಾಯಿಗೆ ತುರುಕಿದಳು. "ಉಪ್ಪು ನೋಡಿ."

ಉಪ್ಪು ಸರಿಯಾಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು. ಅಷ್ಟು ಜನರ ಮುಂದೆ ಅವಮಾನ ಮಾಡಿದರೂ ಅವಳ ಹದ ತಪ್ಪಲಿಲ್ಲವಲ್ಲ! ಅವಳು ಒಂದು ಬೈಗುಳ ಬೈದಿದ್ದರೆ ಆ ರಾತ್ರಿ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಒಂದು ಮಾತು ನಿನಗೆ ಹೇಳಲೇಬೇಕು. ನೀನು ಬೂಸಾನಿಗೆ ಹೋದ ಮರುದಿನವೇ ನಾನು ನಿನ್ನ ಚಮಚ ನಿಲ್ಲಿಸಿದ್ದೆ. ಇಲ್ಲಿ ಉಣ್ಣದವಳಿಗೆ ಇಲ್ಲೇಕೆ ಎಂದು. ಆಮೇಲೆ ಹಟಕ್ಕೆ ಬಿದ್ದು ಎರಡೆರಡು ತೆಗೆದಾಗಲೂ ಅದು ಅವಳ ಚೀಲ ಮೀರಿಸಲು, ನಿನ್ನ ನೆನಪಿಗಲ್ಲ. ಲೆಕ್ಕ ಗೊತ್ತಿರುವ ಹೆಂಗಸು ನಾನು. ಅವಳಿಗೆ ಲೆಕ್ಕ ಬರುವುದಿಲ್ಲ, ನೋಡು.

ಬೆಚ್ಚಗೆ ಹೊದ್ದುಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಸೀಗಡಿಯ ಸಣ್ಣ ಡಬ್ಬಿಯೊಂದನ್ನು ಬಸ್ಸಿನವನ ಕೈಯಲ್ಲಿ ಕಳಿಸಿದ್ದೇನೆ. ಪ್ರಭು ನಿನ್ನ ತಲೆಯ ಮೇಲಿನ ಕೈ ತೆಗೆಯದಿರಲಿ.

ನಿನ್ನ ಅಮ್ಮ

ತಾ.ಕ.: ಮೇಲೆ ಬರೆಯದೆ ಬಿಟ್ಟದ್ದು ಒಂದಿದೆ. ಕಿಮ್ಚಿ ಹಾಕಿದ ದಿನ ಸಂಜೆ ಅವಳ ಮನೆಗೇ ಹೋಗಿ ಜಗಳ ತೆಗೆದೆ. "ನನ್ನ ಮಗಳ ಹೆಸರಲ್ಲಿ ಚಮಚ ತೆಗೆಯೋಕೆ ನೀನ್ಯಾರೇ?" ಎಂದೆ. ಅವಳು ಪೆಟ್ಟಿಗೆಯಿಂದ ನಿನ್ನ ಪತ್ರಗಳನ್ನು ತಂದು ಮುಂದಿಟ್ಟಳು. ಏಳು ಪತ್ರ. ನನಗೆ ಬಂದದ್ದು ಒಂದು. ನಿನ್ನ ಎದೆಗೆ ಕಾಯಿಲೆ ಹತ್ತಿದೆ, ಎರಡು ತಿಂಗಳಿಂದ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದೀಯ ಎಂದು ಅವಳ ಮನೆಯ ಹೊಸಿಲಲ್ಲಿ ನಿಂತು ಓದಿದೆ. "ನನಗ್ಯಾಕೆ ಬರೀಲಿಲ್ಲ?" ಎಂದು ಕೇಳಿದ್ದಕ್ಕೆ ಅವಳು ಪತ್ರಗಳನ್ನು ಮಡಿಸಿಡುತ್ತ, "ಅಕ್ಕಾ, ಅವಳ ಪತ್ರ ಬಂದ್ರೆ ನೀವು ಸೀಗಡಿ ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳ್ತೀರಲ್ಲ. ಮದುವೆಯಾಗಬೇಕಾದ ಹುಡುಗಿ, ಹೆದರ್ಕೊಂಡಿದಾಳೆ" ಎಂದಳು. ಅವಳ ಪದವಿ ಹಾಳಾಗಲಿ ಸುನ್-ಇಮ್, ಆ ಏಳು ಪತ್ರಕ್ಕೆ ನನ್ನ ಹೊಟ್ಟೆ ಉರಿದಷ್ಟು ಇನ್ನಾವುದಕ್ಕೂ ಉರಿದಿಲ್ಲ, ಈಗಲೂ ಉರಿಯುತ್ತಿದೆ. ಆ ಭಾನುವಾರ ನಿಂತು ಪ್ರಾರ್ಥನೆ ಹೇಳಿಸುತ್ತೇನೆಂದು ಇಂದು ಪಾಸ್ಟರ್‌ಗೆ ಹೇಳಿ ಬಂದೆ. ಅವಳು ನನಗೆ ಮಾಡಿದ ತಪ್ಪು ಹುಡುಕಿದರೂ ಸಿಗಲಿಲ್ಲ. 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬ ಆ ಸಾಲಿನ ಉಳಿದರ್ಧ ಮಾತ್ರ ಈಗ ನನಗೆ ಬೇಕಾಗಿದೆ. ನನಗೂ ಒಂದು ಪತ್ರ ಬರೆಯೇ. ಯಾರಿಗೂ ಓದಿ ಹೇಳುವುದಿಲ್ಲ, ನಿನ್ನ ಅಪ್ಪನಿಗೂ.