ಸರಾಸರಿಗೆ ಹೊಂದದ ನಕ್ಷತ್ರ

ನಕ್ಷತ್ರ ವೀಕ್ಷಣೆಗಳ ದಾಖಲೆ ಕಚೇರಿಯ ಮುಖ್ಯಸ್ಥರೇ,

ಮೊದಲು ನನ್ನ ತಪ್ಪು. ಇದನ್ನು ಹೇಳದೆ ಬಿಡೋಣವೆಂದು ಎರಡು ಸಲ ಹಾಳೆ ಹರಿದೆ. ಫೆಬ್ರುವರಿ ಹನ್ನೊಂದರಂದು ನಾನು ಕಳಿಸಿದ ಹೊಳಪಿನ ಅಂಕಿ ಸುಳ್ಳು. ಅದನ್ನು ನೀವು ಒಪ್ಪಿಕೊಂಡಿರಿ. ಮುಂದಿನ ಐದು ಸಂಜೆ ಕಳಿಸಿದ್ದು ನಿಜ. ಆ ಐದನ್ನೂ ಕಸಕ್ಕೆ ಹಾಕಿದಿರಿ.

ಕೃತಕ ಹಲ್ಲು ಕಟ್ಟುವುದು ನನ್ನ ಕಸುಬು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ ಹೊಂದಿಸಿ ಹತ್ತೊಂಬತ್ತು ವರ್ಷವಾಯಿತು. ನಕ್ಷತ್ರ ನೋಡುವುದೂ ಹೆಚ್ಚುಕಡಿಮೆ ಅದೇ ಕೆಲಸ: ಹೊಳಪು ಗೊತ್ತಿರುವ ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿ ಅಂಕಿ ಹೇಳಬೇಕು. ಅಂಕಿ ಇಳಿದಷ್ಟೂ ಹೊಳಪು ಹೆಚ್ಚು. ಮಹಡಿಯ ಮೇಲೆ ದುರ್ಬೀನು ಹಿಡಿದು ನಾನು ಹೇಳುತ್ತೇನೆ, ನನ್ನ ಅತ್ತೆ ಬರೆದುಕೊಳ್ಳುತ್ತಾರೆ. ನಿನ್ನೆಯದು ಎಷ್ಟೆಂದು ಕೇಳಿದರೆ ಪುಸ್ತಕ ಮುಚ್ಚಿಬಿಡುತ್ತಾರೆ.

ಆ ಸಂಜೆ "ಏಳೂವರೆ" ಅಂದವಳು, ತಡೆದು "ಅಲ್ಲ, ಒಂಬತ್ತು" ಅಂದೆ. ವಾರವಿಡೀ ಒಂಬತ್ತೇ ಇದ್ದದ್ದು ತಲೆಯಲ್ಲಿತ್ತು.

"ಮೊದ್ಲು ಏಳೂವರೆ ಅಂದ್ಯಲ್ಲೇ?"

"ಕಣ್ಣು ಮೋಸ ಮಾಡ್ತು ಅತ್ತೆ."

"ಕಣ್ಣಲ್ಲ ಕಣೇ, ಧೈರ್ಯ ಕೈಕೊಡ್ತು ನಿಂಗೆ."

ಮರುದಿನದಿಂದ ಕಂಡದ್ದನ್ನೇ ಕಳಿಸಿದೆ. 'ಸರಾಸರಿಗೆ ಹೊಂದದ ಕಾರಣ ಕೈಬಿಡಲಾಗಿದೆ' ಎಂದು ನಿಮ್ಮ ಉತ್ತರ ಬಂತು. ಹೊಳಪು ಬದಲಾಗುತ್ತದೆಂದೇ ನಾವೆಲ್ಲ ಕಾಯುವ ನಕ್ಷತ್ರವದು, ಸ್ವಾಮಿ. ಬದಲಾಗುವ ಮುನ್ನ ಅದು ನಿಮಗೊಂದು ಅರ್ಜಿ ಹಾಕಬೇಕಿತ್ತೇ? ನಿನ್ನೆಯ ಮೈಬಿಸಿಗೆ ಹೊಂದಲಿಲ್ಲವೆಂದು ಜ್ವರ ಬಂದವರ ಥರ್ಮಾಮೀಟರನ್ನು ಎಸೆಯುತ್ತೀರಾ? ಹದಿನೇಳರಂದು ನಿಮ್ಮ ಕ್ಯಾಮೆರಾಕ್ಕೂ ಅದೇ ಹೊಳಪು ಕಂಡಿತು. ಅಂದೇ ಅದು ಬೆಳಗತೊಡಗಿತೆಂದು ಪ್ರಕಟಣೆ ಹೊರಡಿಸಿದಿರಿ. ಓದಿದ ಅತ್ತೆ, "ಆರು ದಿನ ಪಾಪ ಸಾಹೇಬ್ರ ಬಾಗಿಲಲ್ಲಿ ಚೀಟಿ ಹಿಡ್ಕೊಂಡು ನಿಂತಿತ್ತೇನೋ" ಅಂದರು.

ನಕ್ಕೆವು. ಆದರೆ ಹೊಳಪು ಏರಿದ್ದು ಎಂದಿನಿಂದ ಎಂದು ಮುಂದೆ ಯಾರಾದರೂ ಹುಡುಕಿದರೆ, ಹನ್ನೊಂದರಿಂದ ಹದಿನಾರರವರೆಗೆ ಅವರಿಗೆ ಸಿಗುವುದು ನನ್ನ ಅಂಜಿಕೆಯ ಒಂಬತ್ತು ಮಾತ್ರ. ನಿಮ್ಮನ್ನು ಬೈಯುವ ಹಕ್ಕು ನನಗೆಷ್ಟಿದೆಯೋ, ಗೊತ್ತಿಲ್ಲ. ಒಂದು ಸಂಜೆಯ ಮಟ್ಟಿಗೆ ನಾನೂ ನಿಮ್ಮ ಕಚೇರಿಯೇ ಆಗಿದ್ದೆ. ನನಗೆ ನಾಚಿಕೆಯಾಯಿತು, ಅಷ್ಟೇ ವ್ಯತ್ಯಾಸ.

ನನ್ನ ಹೆಸರು ಎಲ್ಲೂ ಬೇಡ. ಹನ್ನೊಂದರ ಒಂಬತ್ತನ್ನು ಹೊಡೆದುಹಾಕಿ, ಉಳಿದ ಐದನ್ನು ಇದ್ದ ಹಾಗೆ ಸೇರಿಸಿ. ಅತ್ತೆಯ ಪುಸ್ತಕದ ಪುಟಗಳನ್ನು ಲಗತ್ತಿಸಿದ್ದೇನೆ. ಅವರು ಏಳೂವರೆಯನ್ನು ಅಳಿಸಿರಲಿಲ್ಲ.

ಇಂತಿ,
ಆ ಆರು ದಿನಗಳಲ್ಲಿ ನೀವು ನಂಬಿದ ಒಂದೇ ದಿನ ಸುಳ್ಳು ಹೇಳಿದ
ಹಲ್ಲು ಕಟ್ಟುವವಳು

ಇದನ್ನು ಅಂಚೆಗೆ ಹಾಕುವ ದಿನ: ಮಾರ್ಚ್ ನಾಲ್ಕು. ಅಂದು ಸಂಜೆ ಕಂಡ ಅಂಕಿ ಎಷ್ಟೇ ಇರಲಿ, ಅದನ್ನೂ ಇದ್ದ ಹಾಗೆ ಬರೆದು ಸೇರಿಸುತ್ತೇನೆ.