ಆ ತೊಂಬತ್ತು ಮೀಟರಿನಲ್ಲಿ ನಾನು ಯಾರಾಗಿದ್ದೆ?

ಮಾನ್ಯ ವಿಚಾರಣಾಧಿಕಾರಿಗಳೇ, ನಾಲ್ಕನೇ ಮಹಡಿಯ ಗಾಜಿನ ಬಾಗಿಲ ಹಿಂದೆ ಕೂತು ವಾಹನ ವಿಮೆಯ ದೂರುಗಳನ್ನು ತೀರ್ಮಾನಿಸುವವರೇ,

ಹೋದ ವಾರ ನೀವು ಕಳಿಸಿದ ಆದೇಶದ ಪ್ರಕಾರ, ನನ್ನ ಬಲಗೈ ನಜ್ಜುಗುಜ್ಜಾದ ಹೊತ್ತಿನಲ್ಲಿ ನಾನು ಆ ಬಾಡಿಗೆ ಕಾರಿನ ಪ್ರಯಾಣಿಕಳಾಗಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ ಎಂಬುದನ್ನು ನೀವೂ ಒಪ್ಪುತ್ತೀರಿ. ಬಾಗಿಲಿನ ತಗಡಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡ ಕೈ ನನ್ನದೇ ಎಂಬುದನ್ನೂ ಒಪ್ಪುತ್ತೀರಿ. ಆದರೆ ಪ್ರಯಾಣಿಕಳು ಮಾತ್ರ ಅಲ್ಲ. ಹಾಗಾದರೆ ನಾನು ಯಾರು ಸ್ವಾಮಿ? ಸೀಟಿನ ಗವಸೇ?

ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ನನ್ನ ತಂಗಿ ಟೈಪು ಮಾಡುತ್ತಿದ್ದಾಳೆ. ಇಪ್ಪತ್ತೆಂಟು ವರ್ಷ ಶಾಲೆಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಅಧಿಕಾರಿ ಎಂಬ ಪದ ಕಿವಿಗೆ ಬಿದ್ದರೆ ಈಗಲೂ ಕುರ್ಚಿಯಿಂದ ಅರ್ಧ ಏಳುತ್ತಾಳೆ. "ಅಕ್ಕಾ, ಸೀಟಿನ ಗವಸು ಗಿವಸು ಎಲ್ಲಾ ಬೇಡ್ವೇ, ಕೊಂಕು ಅನ್ಸುತ್ತೆ" ಎಂದಳು. ಕೊಂಕೇ ಕಣೇ, ಹೇಳಿದ್ದನ್ನು ಹಾಗೇ ಹೊಡಿ ಎಂದಿದ್ದೇನೆ. ಇಲ್ಲಿರುವುದೆಲ್ಲ ನನ್ನ ಮಾತು; ಕಾಗುಣಿತ ಮಾತ್ರ ಅವಳದು.

ನಾನು ಹೊಲಿಗೆಯವಳು. ಮೂವತ್ತೊಂದು ವರ್ಷದಿಂದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನರ್ಸುಗಳ ಸಮವಸ್ತ್ರ ಹೊಲಿಯುತ್ತೇನೆ. ದಿನವಿಡೀ ಬಗ್ಗಿ ಏಳುವವರ ಬಟ್ಟೆ ಅದು. ಕಂಕುಳಲ್ಲಿ ಹಿಡಿಯಬಾರದು, ಜೇಬು ಬಾಯಿ ಬಿಡಬಾರದು. ಈಗ ನನ್ನ ಬಲಗೈಯ ಹೆಬ್ಬೆರಳು ಮಡಚುವುದಿಲ್ಲ. ಒಂದು ಆಪರೇಷನ್ ಆಗಿದೆ, ಎರಡನೆಯದು ಆಗಬೇಕು. ಡಾಕ್ಟರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹೇಳಿದ್ದಾರೆ: "ಈ ತಿಂಗಳ ಕೊನೆ ಒಳಗೆ ಆದ್ರೆ ಸರಿ. ಆಮೇಲೆ ನರ ಗಂಟು ಕಟ್ಕೊಳ್ಳುತ್ತೆ, ನಾನೇನು ಮಾಡಿದ್ರೂ ಹೆಬ್ಬೆರಳು ಬೇರೆ ಬೆರಳನ್ನ ಮುಟ್ಟಲ್ಲ." ಆ ಎರಡು ಬೆರಳುಗಳ ನಡುವೆ ಸೂಜಿ ನಿಲ್ಲಬೇಕು, ಅಷ್ಟೇ ನನ್ನ ಜೀವನ. ಆಸ್ಪತ್ರೆಯವರು ವಿಮೆಯ ಒಪ್ಪಿಗೆ ಪತ್ರಕ್ಕೆ ಕಾಯುತ್ತಿದ್ದಾರೆ, ವಿಮೆಯವರು ನಿಮ್ಮ ಆದೇಶ ತೋರಿಸಿ ಕೈ ತೊಳೆದುಕೊಂಡಿದ್ದಾರೆ. ಇಂದಿಗೆ ಇಪ್ಪತ್ತೊಂದು ದಿನ ಉಳಿದಿದೆ.

ಆವತ್ತು ನಡೆದದ್ದನ್ನು ನಿಮ್ಮ ಮುಂದೆ ಒಮ್ಮೆ ಹೇಳಿದ್ದೇನೆ. ನೀವು ಆಗ ಫೋನಿನಲ್ಲಿದ್ದಿರಿ, ಅದಕ್ಕೆ ಇನ್ನೊಮ್ಮೆ ಹೇಳುತ್ತೇನೆ. ಮಧ್ಯಾಹ್ನ ಮೂರು ಗಂಟೆ. ಆಸ್ಪತ್ರೆಯಲ್ಲಿ ನರ್ಸುಗಳಿಗೆ ಅಳತೆ ನೋಡಿ, ಸರಿಪಡಿಸಬೇಕಾದ ಬಟ್ಟೆಯ ಗಂಟು ಹೊತ್ತು, ಫೋನಿನಲ್ಲಿ ಕರೆದ ಬಾಡಿಗೆ ಕಾರು ಹತ್ತಿದೆ. ಆ ಕಾರು ಕಂಪನಿಯ ಫೋನ್ ನಕ್ಷೆಯ ಪಾಲಿಗೆ ನನ್ನ ಮನೆ ಇರುವುದು ಮೂಲೆಯ ಔಷಧಿ ಅಂಗಡಿಯ ಮುಂದೆ. ಎಷ್ಟು ಸಲ ದೂರು ಕೊಟ್ಟರೂ ಅದು ನನ್ನ ಮನೆಯನ್ನು ಅಲ್ಲಿಂದ ಕದಲಿಸಿಲ್ಲ. ಅಲ್ಲಿಂದ ನನ್ನ ನಿಜವಾದ ಬಾಗಿಲಿಗೆ ತೊಂಬತ್ತು ಮೀಟರ್. ಇದು ಅಂದಾಜಲ್ಲ. ನನ್ನ ಹೊಲಿಗೆಯ ಟೇಪನ್ನೇ ರಸ್ತೆಯ ಮೇಲೆ ಅರವತ್ತು ಸಲ ಇಟ್ಟು, ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡುವಾಗ, ನನ್ನ ತಂಗಿ ಬಗ್ಗಿ ಬಗ್ಗಿ ಅಳೆದ ಲೆಕ್ಕ. ಅವಳ ಸೊಂಟ ಇನ್ನೂ ನೋಯುತ್ತಿದೆ, ಅದಕ್ಕೂ ವಿಮೆ ಇಲ್ಲ.

ಔಷಧಿ ಅಂಗಡಿಯ ಹತ್ತಿರ ಡ್ರೈವರ್ ಕಾರು ನಿಧಾನ ಮಾಡಿದ. "ಅಮ್ಮಾ, ಇಲ್ಲೇ ಬಂತು ಅಂತಿದೆ ಇದು."

"ಅದಕ್ಕೇನು ಗೊತ್ತು, ಮನೆ ಒಳಗಡೆ ಇದೆ. ಪರವಾಗಿಲ್ಲ ಬಿಡಪ್ಪ, ನಡ್ಕೊಂಡು ಹೋಗ್ತೀನಿ."

"ಇಷ್ಟು ದೊಡ್ಡ ಗಂಟು ಹೊತ್ಕೊಂಡಾ? ಕೂತಿರಿ, ಬಾಗಿಲಿಗೇ ಬಿಡ್ತೀನಿ. ಇದನ್ನ ಇಲ್ಲಿಗೆ ಮುಗಿಸ್ಬಿಡ್ತೀನಿ, ಇಲ್ದಿದ್ರೆ ದಾರಿ ತಪ್ಪಿದೆ ಅಂತ ಬಾಯಿ ಬಡ್ಕೊಳ್ಳುತ್ತೆ."

ಹೀಗೆ ಹೇಳಿ ಅವನು ಫೋನಿನಲ್ಲಿ ಪ್ರಯಾಣ ಮುಗಿಯಿತು ಎಂದು ಒತ್ತಿದ. ನಾನೇನು ಮಾಡಿದೆ? ನನ್ನ ಫೋನು ತೆಗೆದು ಐದು ನಕ್ಷತ್ರ ಒತ್ತಿದೆ. ಅದು ನನ್ನ ಅಭ್ಯಾಸ. ಮನೆಗೆ ಬಂದ ಮೇಲೆ ಮರೆತುಹೋಗುತ್ತದೆ, ಅದಕ್ಕೆ ಕಾರಿನಲ್ಲಿ ಕೂತಿದ್ದಾಗಲೇ ಒತ್ತಿಬಿಡುತ್ತೇನೆ. ಒಳ್ಳೆಯ ಮಾತು ಕಡಿಮೆಯಾದರೆ ಕೆಲಸ ಕಡಿಮೆಯಾಗುತ್ತದೆ ಎಂದು ಯಾರೋ ಡ್ರೈವರ್ ಹಿಂದೊಮ್ಮೆ ಹೇಳಿದ್ದ. ನಾನೂ ಗಿರಾಕಿಗಳ ಒಳ್ಳೆಯ ಮಾತಿನ ಮೇಲೆ ಬದುಕುವವಳು, ನನಗೆ ಗೊತ್ತಾಗುತ್ತದೆ. ಬೇರೆಯವರ ಗಂಟು ಭಾರ ಎಂದು ತೊಂಬತ್ತು ಮೀಟರ್ ಪುಕ್ಕಟೆ ಬರುವವನಿಗೆ ಐದಕ್ಕಿಂತ ಕಡಿಮೆ ಯಾರು ಕೊಡುತ್ತಾರೆ?

ಕಾರು ನಮ್ಮ ಬೀದಿಗೆ ತಿರುಗಿತು. ಆ ಕ್ಷಣಕ್ಕೇ ಅವನ ಫೋನು ಟಿಣ್ ಟಿಣ್ ಎಂದು ಬಡಿದುಕೊಂಡಿತು. ಮುಂದಿನ ಗಿರಾಕಿ. ಒಪ್ಪಲು ಹದಿನೈದು ಸೆಕೆಂಡು ಇರುತ್ತದಂತೆ, ಬಿಟ್ಟರೆ ಬೇರೆಯವರ ಪಾಲು. ಅವನು ಕಣ್ಣು ಕೆಳಗಿಳಿಸಿದ. ಮನೆ ಒಡೆಸುತ್ತಿದ್ದವರು ಅವಶೇಷ ತುಂಬಲು ರಸ್ತೆಯ ಬಲ ಅಂಚಿನಲ್ಲಿ ಇಟ್ಟಿದ್ದ ಕಬ್ಬಿಣದ ದೊಡ್ಡ ತೊಟ್ಟಿ ನಾನು ಕೂತ ಕಡೆಯ ಬಾಗಿಲನ್ನು ಸೀಳಿಕೊಂಡು ಒಳಗೆ ಬಂತು. ಎಡಗೈಯಲ್ಲಿ ಗಂಟು, ಬಲಗೈಯಲ್ಲಿ ಬಾಗಿಲ ಹಿಡಿ. ಮನೆಗೆ ಇನ್ನು ಹದಿನೆಂಟು ಮೀಟರ್ ಇತ್ತು. ನನ್ನ ಅಂಗಡಿಯ ಬೋರ್ಡು ಕಾಣಿಸುತ್ತಿತ್ತು.

ಈಗ ನಿಮ್ಮ ಕಾನೂನಿನ ಚೆಂದ ನೋಡೋಣ. ಡ್ರೈವರಿನ ಸ್ವಂತ ಕಾರಿನ ವಿಮೆಯವರು ಹೇಳಿದರು: ಇದು ಮನೆ ಬಳಕೆಯ ವಿಮೆ, ಅವನು ಬಾಡಿಗೆಗೆ ಓಡಿಸುತ್ತಿದ್ದ, ಆದ್ದರಿಂದ ನಮಗೆ ಸಂಬಂಧವಿಲ್ಲ. ಕಂಪನಿಯ ವಿಮೆಯವರು ಹೇಳಿದರು: ಬಾಡಿಗೆ ಮುಗಿದು ಮೂವತ್ತೆಂಟು ಸೆಕೆಂಡು ಆಗಿತ್ತು, ಆದ್ದರಿಂದ ನಮಗೂ ಇಲ್ಲ. ಒಬ್ಬರಿಗೆ ಅದು ಬಾಡಿಗೆ, ಇನ್ನೊಬ್ಬರಿಗೆ ಬಾಡಿಗೆ ಅಲ್ಲ, ಇಬ್ಬರ ಮಾತನ್ನೂ ನೀವು ಒಂದೇ ಆದೇಶದಲ್ಲಿ, ಒಂದೇ ಪುಟದಲ್ಲಿ, ಸರಿ ಎಂದು ಬರೆದಿದ್ದೀರಿ! ಕಂಪನಿಯವರಂತೂ ಇನ್ನೂ ಮೇಲು. ಡ್ರೈವರ್ ನಮ್ಮ ನೌಕರನೇ ಅಲ್ಲ, ನಾವು ಬರೀ ಪರಿಚಯ ಮಾಡಿಸುವವರು ಎಂದರು. ಹದಿನೈದು ಸೆಕೆಂಡಿನ ಗಂಟೆ ಬಾರಿಸಿ ಅವನ ಕಣ್ಣು ರಸ್ತೆಯಿಂದ ಎಳೆದದ್ದು ಯಾರು? ಅದೂ ಪರಿಚಯವೇ?

ಇಷ್ಟು ಸಾಲದು ಎಂಬಂತೆ ಇನ್ನೊಂದು ಕಲಮು ಇದೆಯಂತೆ. ಒಂದು ಬಾಡಿಗೆ ಮುಗಿದು ಇನ್ನೊಂದು ಸಿಗುವ ತನಕ ಕಂಪನಿಯ ವಿಮೆ ಇರುತ್ತದಂತೆ, ಆದರೆ ಕಾರಿನ ಹೊರಗಿದ್ದವರಿಗೆ ಮಾತ್ರ. ಅಂದರೆ ನಾನು ಔಷಧಿ ಅಂಗಡಿಯ ಹತ್ತಿರ ಇಳಿದು, ಗಂಟು ಹೊತ್ತು ನಡೆದು, ಅದೇ ಕಾರಿನ ಚಕ್ರದ ಕೆಳಗೆ ನೆಟ್ಟಗೆ ಬಿದ್ದಿದ್ದರೆ ನನ್ನ ಅರ್ಜಿ ಎಂದೋ ಮಂಜೂರಾಗುತ್ತಿತ್ತು. ತಪ್ಪಾಯಿತು ಸ್ವಾಮಿ, ಜಾಗ ನೋಡಿ ಬೀಳಬೇಕಿತ್ತು.

ವಿಚಾರಣೆಯ ದಿನ ನೆನಪಿದೆಯೇ? ನಿಮ್ಮ ಮೇಜಿನ ಒಂದು ಕಡೆ ಎರಡು ವಿಮಾ ಕಂಪನಿಯವರು, ಬಾಡಿಗೆ ಕಾರಿನ ಕಂಪನಿಯ ವಕೀಲರು. ಇನ್ನೊಂದು ಕಡೆ ಕೊರಳಿಗೆ ಕೈ ತೂಗುಹಾಕಿಕೊಂಡ ನಾನು, ಚೀಲ ಹಿಡಿದ ನನ್ನ ತಂಗಿ. ವಕೀಲರು ನನ್ನ ಐದು ನಕ್ಷತ್ರವನ್ನು ದೊಡ್ಡ ಕಾಗದದಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿ ತಂದಿದ್ದರು. ನೀವು ಅದನ್ನು ನೋಡಿ, ಕನ್ನಡಕ ಏರಿಸಿ, "ಐದು ನಕ್ಷತ್ರ ಕೊಟ್ಟಿದ್ದೀರಲ್ಲಮ್ಮ, ಪ್ರಯಾಣ ಚೆನ್ನಾಗಿ ಮುಗೀತು ಅಂತ ತಾನೇ ಅದರರ್ಥ?" ಎಂದಿರಿ. ಹೌದಲ್ಲ, ನಾನೇ ಕೊಟ್ಟದ್ದಲ್ಲವೇ ಎಂದು ಒಂದು ಗಳಿಗೆ ನನಗೇ ಅನಿಸಿಬಿಟ್ಟಿತು. ಒಬ್ಬ ಮನುಷ್ಯನಿಗೆ ಒಳ್ಳೆಯವನು ಎಂದು ಹೇಳಿದ್ದು ನನ್ನ ವಿರುದ್ಧದ ಸಾಕ್ಷಿ ಆಗುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಡ್ರೈವರನ್ನು ಕರೆದಿರಿ. ವಿಚಾರಣೆಗೆ ಮುಂಚೆ ನಾವೆಲ್ಲ ಹೊರಗೆ ಕಾಯುತ್ತಿದ್ದಾಗ ಪಡಸಾಲೆಯಲ್ಲಿ ಯಾರೋ ಅವನ ಕಿವಿಯೂದುವುದನ್ನು ನಾನೇ ಕೇಳಿದೆ: "ಕೈ ತಪ್ಪಿ ಒತ್ತಿಬಿಟ್ಟೆ ಅಂದ್ಬಿಡು, ಪ್ರಯಾಣ ಮುಗಿದಿರ್ಲಿಲ್ಲ ಅಂತಾಗುತ್ತೆ, ಎಲ್ಲಾರಿಗೂ ಒಳ್ಳೇದಾಗುತ್ತೆ." ಅವನು ಹಾಗೆ ಹೇಳಲಿಲ್ಲ. ನಿಮ್ಮ ಮುಂದೆ ನಿಂತು, "ನಾನೇ ಮುಗಿಸಿದ್ದು ಸಾರ್. ಆದ್ರೆ ಅಮ್ಮ ಗಾಡಿಯಲ್ಲೇ ಇದ್ರು. ಮುಂದಿನ ಕರೆ ಬಂತು, ನೋಡ್ದೆ. ನೋಡಬಾರದಿತ್ತು" ಎಂದ. ಈ ನಾಲ್ಕು ಮಾತಿನಲ್ಲಿ ಮೊದಲನೆಯದನ್ನು ಮಾತ್ರ ಕತ್ತರಿಸಿಕೊಂಡು ನಿಮ್ಮ ಆದೇಶಕ್ಕೆ ಹೊಲಿದುಕೊಂಡಿದ್ದೀರಿ: "ಪ್ರಯಾಣ ಮುಗಿದಿದ್ದನ್ನು ಚಾಲಕರೇ ಒಪ್ಪಿರುತ್ತಾರೆ." ಉಳಿದ ಮೂರು ಮಾತು ಎಲ್ಲಿ ಹೋದವು? ನಿಜ ಹೇಳಿದ್ದಕ್ಕೆ ಮಾರನೆಯ ದಿನವೇ ಕಂಪನಿ ಅವನ ಖಾತೆ ಮುಚ್ಚಿತು. ಈಗ ಅವನಿಗೂ ಕೆಲಸವಿಲ್ಲ. ಎರಡು ವಾರಕ್ಕೊಮ್ಮೆ ಬಂದು, ಹೊಸಿಲ ಆಚೆಯೇ ನಿಂತು, "ಕೈ ಹೇಗಿದೆಯಮ್ಮಾ" ಎಂದು ಕೇಳಿ ಹೋಗುತ್ತಾನೆ. ಕೂತುಕೋ ಎಂದರೆ ಕೂರುವುದಿಲ್ಲ. ನನಗೂ ಅವನ ಮೇಲೆ ಸಿಟ್ಟಿಲ್ಲವೆಂದಲ್ಲ. ಹೆಬ್ಬೆರಳು ಚುಚ್ಚಿದಾಗಲೆಲ್ಲ ಬೈದುಕೊಳ್ಳುತ್ತೇನೆ. ಆದರೆ ಇಡೀ ಪ್ರಕರಣದಲ್ಲಿ ತಪ್ಪು ನನ್ನದು ಎಂದವನು ಅವನೊಬ್ಬನೇ.

ನೀವು ಕೊಟ್ಟ ಬುದ್ಧಿಮಾತು ಏನು? "ಡ್ರೈವರ್ ಮೇಲೆ ನ್ಯಾಯಾಲಯದಲ್ಲಿ ಖಾಸಗಿ ದಾವೆ ಹೂಡಿ." ಲಿಫ್ಟಿನಲ್ಲಿ ಕಂಪನಿಯ ವಕೀಲರು ಹೇಳಿದ್ದೂ ಹೆಚ್ಚು ಕಡಿಮೆ ಅದೇ. ನಕ್ಕೇ ಹೇಳಿದರು: "ಆ ನಕ್ಷತ್ರ ಕಡಿಮೆ ಮಾಡಿ, ಡ್ರೈವರ್ ಸರಿಯಿಲ್ಲ ಅಂತ ಒಂದು ದೂರು ಬರ್ಕೊಡಿ, ನಾವೂ ಏನಾದ್ರೂ ನೋಡ್ಬಹುದು." ದೊಡ್ಡವರು ನಾಲ್ಕು ಜನ ಸೇರಿ, ಗಾಯವಾದವಳ ಕೈಗೆ ಕಲ್ಲು ಕೊಟ್ಟು, ಮೂಲೆಯಲ್ಲಿ ನಿಂತವನನ್ನು ತೋರಿಸುತ್ತಿದ್ದೀರಿ. ದಾವೆ ಹೂಡಿದರೆ ಎಷ್ಟು ವರ್ಷವಾಗುತ್ತದೆ ಎಂದು ಕೇಳಿದ್ದಕ್ಕೆ ನೀವು ಮುಗುಳ್ನಕ್ಕಿರಿ. ನಿಮ್ಮ ನ್ಯಾಯಾಲಯ ಕಾಯಬಹುದು, ನನ್ನ ನರ ಕಾಯುವುದಿಲ್ಲ. ಆ ಬಡಪಾಯಿಯಿಂದ ಕಿತ್ತುಕೊಳ್ಳುವುದಾದರೂ ಏನನ್ನು? ಸೀಳಿದ ಬಾಗಿಲಿನ ಕಾರನ್ನೇ?

ಇಲ್ಲಿ "ಅಕ್ಕಾ, ಸಾಕು" ಎಂದು ತಂಗಿ ಕೈ ನಿಲ್ಲಿಸಿದಳು. ಇನ್ನು ಒಂದೇ ಒಂದು ಸಂಗತಿ ಇದೆ, ಅದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಎಂದೆ.

ಆದೇಶದ ಮೇಲೆ ಮರುಪರಿಶೀಲನೆ ಕೇಳಲು ಅವಕಾಶವಿದೆ ಎಂದು ನಿಮ್ಮದೇ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅರ್ಜಿ ತುಂಬಿ, ಎಡಗೈಯಲ್ಲಿ ಸಹಿ ಹಾಕಿ, ನಿಮ್ಮ ಮೂರನೇ ಕಿಟಕಿಗೆ ಕೊಟ್ಟೆವು. ಎರಡು ದಿನಕ್ಕೆ ವಾಪಸು ಬಂತು: ಸಹಿ ಹೊಂದಿಕೆಯಾಗುವುದಿಲ್ಲ. ತಂಗಿಯನ್ನು ಕರೆದುಕೊಂಡು ಮತ್ತೆ ಹೋದೆ.

ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟರು. "ಹಳೇ ಸಹಿ ಥರಾನೇ ಮಾಡಿಕೊಡಿ ಅಮ್ಮ."

"ಯಾವ ಕೈಯಲ್ಲಪ್ಪಾ ಮಾಡ್ಲಿ?"

ಅವರು ನನ್ನ ಕೈ ನೋಡಿದರು, ಕಡತ ನೋಡಿದರು, ಮತ್ತೆ ಕೈ ನೋಡಿದರು. "ಹಾಗಿದ್ರೆ ಒಂದು ಕೆಲಸ ಮಾಡಿ. ಕೈ ಸರಿಯಾದ ಮೇಲೆ ಬಂದು ಸಹಿ ಮಾಡಿ."

ನಾನು ನಗಲಿಲ್ಲ ಸ್ವಾಮಿ. ತಂಗಿ ನಕ್ಕಳು. ಜೀವಮಾನದಲ್ಲಿ ಮೊದಲ ಸಲ ಸರಕಾರಿ ಕಚೇರಿಯಲ್ಲಿ ಜೋರಾಗಿ ನಕ್ಕಳು, ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಳು. ಈ ಪತ್ರವನ್ನು ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯಲು ಅದೇ ಕಾರಣ. ಮುಚ್ಚಿದ ಲಕೋಟೆಯ ಅರ್ಜಿಗೆ ನನ್ನ ಬಲಗೈ ಸಹಿ ಬೇಕಂತೆ.

ನಾವು ಹೊಲಿಗೆಯವರು ಬಟ್ಟೆ ಕತ್ತರಿಸುವಾಗ ಗೆರೆಯ ಆಚೆಗೆ ಅರ್ಧ ಇಂಚು ಬಿಡುತ್ತೇವೆ. ಮೈ ಎಂದರೆ ಗೆರೆಗೆ ಸರಿಯಾಗಿ ನಿಲ್ಲುವುದಲ್ಲ, ಉಸಿರಾಡುತ್ತದೆ, ಬಗ್ಗುತ್ತದೆ, ದಪ್ಪವಾಗುತ್ತದೆ. ಕಾರಿಗೆ ಹತ್ತಿದವರು ಇಳಿಯುವ ತನಕ ಪ್ರಯಾಣಿಕರು ಎಂದು ಬರೆಯಲು ನಿಮಗೆ ಅಷ್ಟು ಬಟ್ಟೆ ಇರಲಿಲ್ಲವೇ? ಗುಂಡಿ ಒತ್ತಿದರೆ ಮನುಷ್ಯರು ಕಾರಿನಿಂದ ಮಾಯವಾಗುತ್ತಾರೆ ಎಂದು ನಿಮಗೆ ಯಾರು ಹೇಳಿದರು? ನಾಳೆ ನಿಮ್ಮ ಮಗಳೋ ಅಮ್ಮನೋ ಹೀಗೇ ಯಾವುದೋ ಮೂಲೆಯಲ್ಲಿ, ಯಾವನೋ ಪುಣ್ಯಾತ್ಮ ಬಾಗಿಲ ತನಕ ಬಿಡುತ್ತೇನೆ ಎಂದಾಗ, ಬೇಡಪ್ಪ ನನ್ನ ವಿಮೆ ಮುಗಿಯಿತು ಎಂದು ಹಾರಿಕೊಳ್ಳಬೇಕೇ?

ನನ್ನ ಬೇಡಿಕೆ ಇಷ್ಟೇ. ಈ ತಿಂಗಳು ಮುಗಿಯುವ ಮುಂಚೆ ಆದೇಶವನ್ನು ತಿದ್ದಿ, ಕಾರಿನಿಂದ ಇಳಿಯುವ ತನಕ ನಾನು ಪ್ರಯಾಣಿಕಳೇ ಆಗಿದ್ದೆ ಎಂದು ಬರೆಯಿರಿ. ಅದು ಆಗುವುದಿಲ್ಲವಾದರೆ, ಆ ತೊಂಬತ್ತು ಮೀಟರಿನಲ್ಲಿ ನಾನು ಯಾರಾಗಿದ್ದೆ ಎಂದು ಒಂದೇ ಒಂದು ಸಾಲು ನಿಮ್ಮ ಕೈಯಾರೆ ಬರೆದು, ಕೆಳಗೆ ಸಹಿ ಹಾಕಿ ಕಳಿಸಿ. ನಿಮ್ಮ ಹೆಬ್ಬೆರಳು ಚೆನ್ನಾಗಿದೆ, ಪೆನ್ನು ಹಿಡಿಯಬಲ್ಲಿರಿ. ಆ ಕಾಗದವನ್ನು ಅಂಗಡಿಯ ಗೋಡೆಗೆ ಹಾಕಿಕೊಳ್ಳುತ್ತೇನೆ. ಯಾಕೆ ಬಾಗಿಲು ಮುಚ್ಚಿದೆ ಎಂದು ಬರುವ ನರ್ಸುಗಳು ಓದಿಕೊಳ್ಳಲಿ. ಮತ್ತೆ, ಆ ಐದು ನಕ್ಷತ್ರದಲ್ಲಿ ಒಂದನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ಮೂವತ್ತೆಂಟು ಸೆಕೆಂಡು ಮುಂಚೆಯೇ ಇಳಿದುಹೋಗಿದ್ದ,
ನನ್ನ ಪ್ರಕಾರ ಇನ್ನೂ ಮನೆ ತಲುಪದ,
ನರ್ಸುಗಳ ಬಟ್ಟೆ ಹೊಲಿಯುವವಳು

(ಸಹಿ ಎಡಗೈಯದು. ಹಳೆಯದಕ್ಕೆ ಹೊಂದುವುದಿಲ್ಲ. ಇಪ್ಪತ್ತೊಂದು ದಿನ ಕಳೆದರೆ ಇದೇ ನನ್ನ ಸಹಿ, ಇದನ್ನೇ ಕಡತದಲ್ಲಿ ಇಟ್ಟುಕೊಳ್ಳಿ.)