ಹೆಣದ ಪಾತ್ರ

ಆಡೂರು,
ಶುಕ್ರವಾರ, ಶಾಲೆ ಬಿಟ್ಟ ಮೇಲೆ

ಸ್ವಸ್ತಿ ಸಮಸ್ತ ಭುವನಾಶ್ರಯ, ಹತ್ತನೇ ತರಗತಿ ಶಿರೋಮಣಿ, ಕಪಿಲವಸ್ತುವಿನ ಯುವರಾಜ, ಸದ್ಯ ಹುಬ್ಬಳ್ಳಿಯ ದವಾಖಾನೆಯಲ್ಲಿ ಕಿಟಕಿ ಪಕ್ಕದ ಕಾಟಿನ ಮೇಲೆ ಗಂಜಿ ಕುಡಿಯುತ್ತ ವಿರಾಜಮಾನಳಾಗಿರುವ ಶ್ರೀಮನ್ಮಹಾರಾಜಕುಮಾರ ಸಮತಾ ಪರಮೇಶಪ್ಪನವರ ದಿವ್ಯ ಸನ್ನಿಧಿಗೆ, ಅವರ ರಥದ ಸಾರಥಿ ಛನ್ನ ಉರುಫ್ ಬಂದೇಸಾಬ ಮೊಣಕಾಲೂರಿ ಮಾಡುವ ಬಿನ್ನಹ.

ನಮ್ಮೂರ ಶಾಸನದ ಅರಸನಿಗೂ ಇಷ್ಟು ಬಿರುದು ಇರಲಿಕ್ಕಿಲ್ಲ. ಕಲ್ಲಿನ ಮೇಲೆ ಕೆತ್ತುವವನಿಗೆ ಕೈ ನೋಯುತ್ತದೆ. ನನ್ನದು ಬಾಲ್‌ಪೆನ್ನು.

ಮೊದಲು ರಾಜ್ಯದ ಸುದ್ದಿ. ಶ್ರೀಪಾದ ಸರ್ ಬೌದ್ಧ ಧರ್ಮದ ಪಾಠವನ್ನು ಇನ್ನೂ ಮುಗಿಸಿಲ್ಲ. ದುಃಖವಿದೆ, ದುಃಖಕ್ಕೆ ಕಾರಣವಿದೆ, ಅದನ್ನು ನಿಲ್ಲಿಸಬಹುದು, ನಿಲ್ಲಿಸಲು ದಾರಿಯಿದೆ ಎಂದು ಬೋರ್ಡಿನ ಮೇಲೆ ಮತ್ತೆ ಬರೆದರು. ಕೊಟ್ರೇಶ ಎದ್ದು ನಿಂತು, ಮೊದಲನೆಯದು ಗಣಿತದ ಪಿರಿಯಡ್ ಏನ್ರಿ ಸರ್ ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸರ್ ಗಾಬರಿಯಾಗಿ, ಬಂದೇಸಾಬ, ಮೈಯಾಗ ಆರಾಮಿಲ್ಲೇನೋ ಅಂದರು.

ನಮ್ಮ ನಾಟಕ ನಿಂತಲ್ಲೇ ನಿಂತಿದೆ. ಪಾಠ ನಮ್ಮ ತಲೆಗೆ ಹೋಗುವುದಿಲ್ಲವೆಂದು ಸರ್ ಆ ನಾಲ್ಕು ನೋಟಗಳನ್ನು ಆಡಿಸಹೊರಟದ್ದು ನೆನಪಿದೆಯಲ್ಲ? ಮಗ ಎಲ್ಲಿ ಮನೆ ಬಿಟ್ಟು ಹೋಗುತ್ತಾನೋ ಎಂದು ಹೆದರಿದ ಅರಸ ಮುಪ್ಪು, ರೋಗ, ಸಾವು, ಸನ್ಯಾಸಿ ಒಂದೂ ಅವನ ಕಣ್ಣಿಗೆ ಬೀಳದಂತೆ ದಾರಿಯನ್ನೆಲ್ಲ ಗುಡಿಸಿಡುತ್ತಾನೆ. ಆದರೂ ಬೀಳುತ್ತವೆ. ಯುವರಾಜ ಇದೇನೆಂದು ಕೇಳುತ್ತಾನೆ, ಸಾರಥಿ ಹೇಳಿಬಿಡುತ್ತಾನೆ. ಅರಸನ ಅಪ್ಪಣೆ ಮುರಿದ ಡ್ರೈವರನ್ನ ಕೆಲಸದಿಂದ ತಗೀಲಿಲ್ಲೇನ್ರಿ ಸರ್ ಎಂದು ನಾನು ಅವತ್ತು ಕೇಳಿದ್ದೆ. ರಾಜಕುಮಾರ ಕೇಳಿದ, ಅಂವ ಹೇಳಿದ, ಅಷ್ಟ ನೋಡಪಾ ಅಂದಿದ್ದರು.

ಎಲ್ಲಕ್ಕಿಂತ ಗದ್ದಲವಾದದ್ದು ಹೆಣದ ಪಾತ್ರಕ್ಕೆ. ಮುದುಕನಾಗಲು ಮಂದಿ ಇದ್ದರು, ರೋಗಿಯಾಗಲು ಕೊಟ್ರೇಶ ಇದ್ದ. (ಅವನ ಪಾತ್ರವನ್ನು ನೀನು ಕಸಿದುಕೊಂಡೆ ಎಂದು ಅವನಿಗೆ ಇನ್ನೂ ಸಿಟ್ಟಿದೆ.) ಆದರೆ ಚಟ್ಟದ ಮೇಲೆ ತಮ್ಮ ಮಗು ಮಲಗಲು ಯಾರ ಮನೆಯವರೂ ಒಪ್ಪಲಿಲ್ಲ. ನಮ್ಮಮ್ಮಿ ಮುನವ್ವರಾ ಬೇಗಂ ಶಾಲೆಯ ಗೇಟಿಗೇ ಬಂದು, ಜೀವಂತ ಹುಡುಗರನ್ನ ಹೆಣಾ ಮಾಡ್ತೀರೇನ್ರಿ ಸರ್, ನೀವ ಮಲಗ್ರಿ ಅಂದಳು. ಆಗಲೇ ನಿನಗೆ ರೊಟ್ಟಿ ಗಂಟು ತಂದಿದ್ದ ನಿಮ್ಮಜ್ಜಿ ಯಂಕವ್ವ, ಅದಕ್ಯಾಕ ಇಷ್ಟ ಪಂಚಾಯ್ತಿ, ನಾ ಮಲಕೋತೇನಿ, ನನಗೂ ಒಂದೀಟು ತಾಲೀಮು ಆಗಬೇಕಲ್ಲ ಎಂದು ಎರಡು ಬೆಂಚು ಕೂಡಿಸಿ, ಮಲಗಿ, ಮುಖದ ಮೇಲೆ ಸೆರಗು ಎಳೆದುಕೊಂಡಳು.

ನಾನು ಅಂಗಾಲಿಗೆ ಕಚಗುಳಿ ಇಟ್ಟೆ. ಹೆಣ ಎದ್ದು ಕೂತಿತು. ಏ ಬಂದ್ಯಾ, ಸತ್ತಾಕೀನ ನಗಸ್ತೀಯೇನೋ ಖೋಡಿ! ನೀನು ಹೊಟ್ಟೆ ಹಿಡಿದುಕೊಂಡು, ಛನ್ನಾ ಇದೇನು, ಛನ್ನಾ ಇದೇನು ಎಂದು ಕೇಳುತ್ತಲೇ ಇದ್ದೆ. ನಗು ತಡೆಯಲಾಗದೆ ನಾನು ನನ್ನ ಮಾತು ಹೇಳಲೇ ಇಲ್ಲ. ಮರುದಿನ ಪ್ರಾರ್ಥನೆಯ ಸಾಲಿನಲ್ಲಿ ನೀನು ಬಿದ್ದೆ. ಆ ಮಾತು ನನ್ನಲ್ಲೇ ಉಳಿಯಿತು.

ಈಗ ನೀನು ಶ್ರೀಪಾದ ಸರ್ ಕೈಯಲ್ಲಿ ಚೀಟಿ ಕಳಿಸಿದ್ದೀ: "ಬಂದ್ಯಾ, ಅಜ್ಜಿಗೆ ಏನಾಗೈತಿ? ಎಲ್ಲಾರೂ ಏನೋ ಮುಚ್ಚಾಕತ್ತಾರ. ನೀ ಖರೇ ಹೇಳು." ಯುವರಾಜ ಕೇಳಿದ್ದಾಯಿತು. ಬಹಳ ಹೊತ್ತು ನಾನು ಬರೀ ಬಿರುದುಗಳನ್ನು ಬರೆಯುತ್ತ ಕೂತೆ, ನೋಡಿದೆಯಲ್ಲ.

ಸಮತಾ, ಅಜ್ಜಿ ಇಲ್ಲ.

ನಿನ್ನ ಎದೆಯ ಆಪರೇಷನ್ ಆದ ವಾರ, ಮಂಗಳವಾರ ಮುಂಜಾನೆ. ಕಟ್ಟೆಯ ಮೇಲೆ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತಿದ್ದಳು. ಗೋಡೆಗೆ ಒರಗಿದಳು. ತೂಕಡಿಕೆ ಎಂದು ನಿಮ್ಮಪ್ಪ ಮೊರ ತೆಗೆದು ಪಕ್ಕಕ್ಕಿಟ್ಟ. ಅಷ್ಟೇ. ನೋವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆಗಿರಲಿಕ್ಕಿಲ್ಲ ಎಂದು ಎಲ್ಲರೂ ಅನ್ನುತ್ತಾರೆ. ನಿಮ್ಮ ಓಣಿಯವರು ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿ ಮಣ್ಣು ಮಾಡಿದರು. ನಿಮ್ಮವ್ವನಿಗೆ ನಿನ್ನನ್ನು ಬಿಟ್ಟು ಬರಲಾಗಲಿಲ್ಲ. ಅವತ್ತು ಅವಳು ದವಾಖಾನೆಯ ಬಚ್ಚಲದಲ್ಲಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಇದ್ದಿದ್ದರೆ, ಅದು ಬಟ್ಟೆ ಒಗೆಯಲಿಕ್ಕಲ್ಲ.

ನಾನು ಮಾತ್ರ ಅಳಲಿಲ್ಲ. ಹುಟ್ಟಿದ್ದೆಲ್ಲ ಅಳಿಯುತ್ತದೆ ಎಂದು ಸರ್ ಬರೆಸಿದ ಟಿಪ್ಪಣಿ ನನಗೆ ಬಾಯಿಪಾಠ. ಅಜ್ಜಿಯ ಕಾಲ ಬಳಿ ಕೈಕಟ್ಟಿಕೊಂಡು ಜ್ಞಾನಿಯಂತೆ ನಿಂತಿದ್ದೆ.

ಹಾಗಾದರೆ ಫೋನಿನಲ್ಲಿ ಮಾತಾಡಿದ್ದು ಯಾರು ಎಂದು ಕೇಳುತ್ತೀ. ಎಲ್ಲರ ದನಿ ತೆಗೆದು ಊರು ನಗಿಸುವವನು ಯಾರು? ನೀನು ಅಜ್ಜಿ ಬೇಕೆಂದು ಹಟ ಹಿಡಿದಾಗ ನಿಮ್ಮಪ್ಪ ನಮ್ಮ ಮನೆಗೆ ಬಂದ. ಅಕಿ ಎದೀಗೆ ಈಗರ ಹೊಲಿಗಿ ಹಾಕ್ಯಾರ, ಮನಿಗೆ ಬಂದ ಮ್ಯಾಲ ಹೇಳೂಣು, ನಮ್ಮವ್ವನಂಗ ನಾಕ ಮಾತ ಆಡಪಾ ಅಂದ. ಆಡಿದೆ. ಗಂಜಿ ಕುಡಿ, ಸೊರಗಬ್ಯಾಡ ನನ ಬಂಗಾರಾ, ಅಂದೆ. ನೀನು ನಂಬಿದೆ. ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ತೆಗೆದಿರಲಿಲ್ಲ. ಫೋನು ಇಟ್ಟಮೇಲೆ ನಿಮ್ಮಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಹಂಗ ಒಂದ್ಸಲ ನನ್ನ ಹೆಸರು ಕರಿ, ಅಂದ. "ಪರಮ್ಯಾ" ಅಂದೆ. ಅವನು "ಯವ್ವಾ" ಅಂದ. ನಾನು ಎದ್ದು ಹೊರಗೆ ಓಡಿದೆ.

ಆಮೇಲೂ ಒಂದು ಸಲ ಮಾತಾಡಿಸಿದರು. ಮೊನ್ನೆ ಭಾನುವಾರ. ಅಜ್ಜೀ, ನಾ ಬಂದ ಮ್ಯಾಲ ಮತ್ತ ಹೆಣಾ ಆಗಿ ಮಲಗ್ತೀಯಿಲ್ಲೋ, ಎಂದು ನೀನು ಕೇಳಿದೆ. ನಾನು "ಹೂಂ" ಅಂದೆ. ಆ ಹೂಂ ಕೇಳಿಯೇ ನಿನಗೆ ಅನುಮಾನ ಬಂದಿರಬೇಕು. ಅಜ್ಜಿಯಾಗಿದ್ದರೆ ಬೈಯುತ್ತಿದ್ದಳು.

ಅರಸ ಮಾಡಿದ್ದು ತಪ್ಪಾ ಎಂದು ಸರ್ ಹತ್ತಿರ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅಪ್ಪ ಅಂದ ಮ್ಯಾಲ ಹೆದರತಾನ, ತಪ್ಪು ಅನ್ನಾಕ ಬರೂದಿಲ್ಲ. ಆದ್ರ ಕೂಸು ತಾನಾಗೇ ಕೇಳಿದ ಮ್ಯಾಲ ಸುಮ್ಮನಿರಾಕೂ ಬರೂದಿಲ್ಲ ಅಂದರು. ನಿನ್ನ ಡಾಕ್ಟರನ್ನೂ ನಿಮ್ಮವ್ವನನ್ನೂ ಅವರೇ ಫೋನು ಮಾಡಿ ಕೇಳಿ ಒಪ್ಪಿಸಿದ್ದಾರೆ. ನಾಳೆ ಈ ಪತ್ರ ತರುವವರೂ ಅವರೇ. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತಾರೆ. ಅವರ ಕೈ ಹಿಡಿದುಕೋ, ಸೀಮೆಸುಣ್ಣದ ಧೂಳಿರುತ್ತದೆ, ಇರಲಿ.

ಮುಂದಿನ ವಾರ ನೀನು ಬಸ್ಸಿಳಿದು ಬರುವಾಗ ಆ ಕಟ್ಟೆ ಖಾಲಿ ಇರುತ್ತದೆ. ಅದನ್ನು ಓಣಿಯ ತಿರುವಿನಲ್ಲಿ ನಿಂತು ನೀನೇ ಕಂಡುಹಿಡಿಯಬಾರದು ಎಂದು ಬರೆದೆ.

ಈಗ ಬಾಕಿ ಉಳಿದ ಮಾತು. ಛನ್ನಾ, ಇದೇನು? ಪ್ರಭು, ಇದು ಸಾವು. ಸರ್ ಬರೆದುಕೊಟ್ಟದ್ದರಲ್ಲಿ ಇನ್ನೊಂದು ಸಾಲಿದೆ, "ಇದು ತಮಗೂ ಬರುವುದು" ಎಂದು. ಅದನ್ನು ನಾನು ಹೇಳುವುದಿಲ್ಲ. ಮಾರ್ಕ್ಸು ಕಡಿದರೆ ಕಡಿಯಲಿ.

ಇನ್ನು ಯಾರ ದನಿಯನ್ನೂ ತೆಗೆಯದ,
ತಮ್ಮ ರಥದ ಸಾರಥಿ,
ಬಂದೇಸಾಬ

ತಾ.ಕ.: ಜ್ಞಾನಿಯಂತೆ ಕೈಕಟ್ಟಿಕೊಂಡು ನಿಂತಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಹೂವು ಸರಿಮಾಡುವ ನೆಪದಲ್ಲಿ ಅಜ್ಜಿಯ ಅಂಗಾಲಿಗೆ ಕಚಗುಳಿ ಇಟ್ಟೆ. ಯಾರೂ ನೋಡಲಿಲ್ಲ. ಅವಳು ಏಳಲಿಲ್ಲ ಅಂತ ಇನ್ನೊಂದು ಕಾಲಿಗೂ ಇಟ್ಟೆ.